ಅರ್ಧಕ್ಕೇ ನಿಂತ ಮೋಟರ್ ಹೋಮ್ ಆಂಟೆನಾ: ಹಿಡಿಗೆ ಬಲ ಹಾಕುವ ಮೊದಲು ಮೇಲೆ ಹತ್ತಿ ನೋಡಿ

ಪ್ರಶ್ನೆ: ನಮ್ಮದು ಹಳೆಯ ಮೋಟರ್ ಹೋಮ್, ಅಂದರೆ ಒಳಗೇ ಉಳಿದುಕೊಳ್ಳುವ ಮನೆಯಂಥ ಗಾಡಿ. ಒಳಗಿನಿಂದ ಹಿಡಿ ತಿರುಗಿಸಿ ಎತ್ತುವ ಟಿವಿ ಆಂಟೆನಾ ಛಾವಣಿ ಮೇಲಿದೆ. ತುಂಬಾ ದಿನ ಬಳಸಿರಲಿಲ್ಲ. ಮೊನ್ನೆ ಎತ್ತಲು ಹೋದರೆ ಅರ್ಧದವರೆಗೆ ಬಂದು ನಿಂತುಬಿಟ್ಟಿತು. ಈಗ ಮೇಲಕ್ಕೂ ಹೋಗುತ್ತಿಲ್ಲ, ಕೆಳಕ್ಕೂ ಇಳಿಯುತ್ತಿಲ್ಲ. ಹಿಡಿ ಎರಡೂ ಕಡೆ ಸ್ವಲ್ಪ ತಿರುಗಿ ಗಟ್ಟಿಯಾಗುತ್ತದೆ. ಹಿಡಿಗೆ ಪೈಪ್ ತೂರಿಸಿ ತಿರುಗಿಸಿ ಅಂತ ಒಬ್ಬರು, ಮೇಲೆ ಹತ್ತಿ ಕೈಯಲ್ಲೇ ಒತ್ತಿ ಮಲಗಿಸಿ ಅಂತ ಇನ್ನೊಬ್ಬರು ಹೇಳುತ್ತಾರೆ. ಗಾಡಿಯನ್ನು ಹೀಗೇ ಓಡಿಸುವ ಹಾಗಿಲ್ಲ. ಏನು ಮಾಡಲಿ?

ಉತ್ತರ: ದಯವಿಟ್ಟು ಎರಡೂ ಬೇಡ. ಪೈಪೂ ಬೇಡ, ಒತ್ತುವುದೂ ಬೇಡ. ನೀವು ಹೇಳಿದ ಲಕ್ಷಣ ನೋಡಿದರೆ ನಿಮ್ಮ ಆಂಟೆನಾ ಇನ್ನೂ ರಿಪೇರಿ ಆಗುವ ಸ್ಥಿತಿಯಲ್ಲೇ ಇದೆ. ಆ ಎರಡು ಸಲಹೆಗಳಲ್ಲಿ ಯಾವುದನ್ನು ಪಾಲಿಸಿದರೂ ಹೊಸದು ತರಬೇಕಾಗಬಹುದು.

ಯಾಕೆ ಅನ್ನುವುದು ಗೊತ್ತಾಗಬೇಕಾದರೆ ಒಳಗೆ ಏನಿದೆ ಅಂತ ಸ್ವಲ್ಪ ತಿಳಿದಿರಬೇಕು. ಹಳೆಯ ಮೋಟರ್ ಹೋಮ್‌ಗಳಲ್ಲಿ ಹೆಚ್ಚಾಗಿ ಕಾಣುವುದು ವೈನ್‌ಗಾರ್ಡ್ ಕಂಪನಿಯ ‘ಸೆನ್ಸಾರ್’ ಅನ್ನುವ ಹೆಸರಿನ ಆಂಟೆನಾ, ಬಾವಲಿ ರೆಕ್ಕೆಯ ಹಾಗೆ ಎರಡು ಕಡೆ ಚಾಚಿಕೊಂಡಿರುವ ತಲೆಯದು. ಬೇರೆ ಹೆಸರಿನದಾದರೂ ಎತ್ತುವ ಕ್ರಮ ಬಹುಮಟ್ಟಿಗೆ ಹೀಗೇ ಇರುತ್ತದೆ. ನೀವು ಒಳಗೆ ತಿರುಗಿಸುವ ಹಿಡಿಗೆ ಒಂದು ಉದ್ದನೆಯ ಕಂಬಿ ಸಿಕ್ಕಿಸಿರುತ್ತದೆ. ಆ ಕಂಬಿ ಛಾವಣಿಯನ್ನು ತೂರಿಕೊಂಡು ಮೇಲೆ ಹೋಗುತ್ತದೆ. ಅದರ ತುದಿಯಲ್ಲಿ ಸ್ಕ್ರೂ ಥರ ಸುರುಳಿ ಹಲ್ಲಿರುವ ಒಂದು ತುಂಡು ಇದೆ, ಅದೇ ವರ್ಮ್ ಗಿಯರ್. ಅದು ಆಂಟೆನಾದ ತೋಳಿನ ಬುಡದಲ್ಲಿರುವ ಇನ್ನೊಂದು ಗಿಯರಿನ ಹಲ್ಲಿಗೆ ಕಚ್ಚಿಕೊಂಡು ತೋಳನ್ನು ಮೇಲೆತ್ತುತ್ತದೆ. ತೋಳು ಅಂದರೆ ಒಂದಲ್ಲ, ಎರಡು ಅಲ್ಯೂಮಿನಿಯಂ ಕೊಳವೆಗಳು, ಒಂದಕ್ಕೊಂದು ಸಮಾನಾಂತರ. ಹಾಗಿರುವುದರಿಂದಲೇ ತೋಳು ಮೇಲೇಳುವಾಗ ತಲೆ ಓರೆಯಾಗದೆ ಮಟ್ಟವಾಗಿ ಉಳಿಯುತ್ತದೆ.

ಈ ವರ್ಮ್ ಗಿಯರಿಗೆ ಎರಡು ಗುಣ ಇದೆ. ಹಿಡಿಯನ್ನು ಒಂದು ಪೂರ್ತಿ ಸುತ್ತು ತಿರುಗಿಸಿದರೂ ಮೇಲಿನ ಗಿಯರು ಸಾಮಾನ್ಯವಾಗಿ ಒಂದೇ ಒಂದು ಹಲ್ಲಿನಷ್ಟು ಸರಿಯುತ್ತದೆ. ಅಂದರೆ ನೀವು ಕೈಯಲ್ಲಿ ಹಾಕುವ ಬಲ ಅಲ್ಲಿಗೆ ತಲುಪುವಾಗ ಎಷ್ಟೋ ಪಟ್ಟು ಹೆಚ್ಚಾಗಿರುತ್ತದೆ. ಒಂದೇ ಕೈಯಲ್ಲಿ ಸಲೀಸಾಗಿ ಎತ್ತಲು ಆಗುವುದು ಇದರಿಂದಲೇ, ಸಿಕ್ಕಿಹಾಕಿಕೊಂಡಾಗ ಹಲ್ಲು ಮುರಿಯುವುದೂ ಇದರಿಂದಲೇ. ಪೈಪ್ ತೂರಿಸಿದರೆ ಆ ಬಲ ಇನ್ನೂ ಏರುತ್ತದೆ, ಇಡೀ ಸಾಲಿನಲ್ಲಿ ಯಾವುದು ಎಲ್ಲಕ್ಕಿಂತ ಬಡವೋ ಅದು ಹೋಗುತ್ತದೆ. ಹಿಡಿಯ ತೂತು ಉರುಟಾಗಬಹುದು, ಕಂಬಿಯ ಪಿನ್ನು ಕತ್ತರಿಸಬಹುದು, ಗಿಯರಿನ ಹಲ್ಲು ಉದುರಬಹುದು. ಇನ್ನೊಂದು ಗುಣ, ಇದು ಒಂದೇ ದಿಕ್ಕಿನಲ್ಲಿ ಕೆಲಸ ಮಾಡುತ್ತದೆ: ವರ್ಮ್ ತಿರುಗಿದರೆ ಗಿಯರು ತಿರುಗುತ್ತದೆ, ಆದರೆ ಗಿಯರನ್ನು ತಳ್ಳಿದರೆ ವರ್ಮ್ ತಿರುಗುವುದಿಲ್ಲ. ಹಾಗಾಗಿಯೇ ಆಂಟೆನಾ ಗಾಳಿಗೂ ತನ್ನಷ್ಟಕ್ಕೆ ಕೆಳಗೆ ಬೀಳದೆ ನಿಂತಿರುತ್ತದೆ. ಮೇಲೆ ಹತ್ತಿ ಕೈಯಲ್ಲಿ ಒತ್ತಿದರೆ ಅದು ಮಲಗುವುದಿಲ್ಲ ಅನ್ನುವುದಕ್ಕೂ ಇದೇ ಕಾರಣ, ಒತ್ತಿದಷ್ಟೂ ಬಲ ನೇರವಾಗಿ ಆ ಕಚ್ಚಿಕೊಂಡ ಹಲ್ಲುಗಳ ಮೇಲೇ ಬೀಳುತ್ತದೆ.

ಹಾಗಾದರೆ ಮೊದಲು ಮಾಡಬೇಕಾದ್ದು ಏನು? ಎಲ್ಲಿ ಸಿಕ್ಕಿಹಾಕಿಕೊಂಡಿದೆ ಅಂತ ಕಂಡುಹಿಡಿಯುವುದು. ಒಳಗೋ, ಮೇಲೋ? ಮೇಲೆ ಅಂದರೆ ಗಿಯರಿನಲ್ಲೋ, ತೋಳಿನ ಕೀಲುಗಳಲ್ಲೋ? ಈ ಮೂರಕ್ಕೂ ಮದ್ದು ಬೇರೆ ಬೇರೆ. ನಾನು ನೋಡಿದ ಮಟ್ಟಿಗೆ ಹಾಳಾದ ಆಂಟೆನಾಗಳಲ್ಲಿ ಬಹಳಷ್ಟು ಹಾಳಾದದ್ದು ತುಕ್ಕಿನಿಂದಲ್ಲ, ಎಲ್ಲಿ ಹಿಡಿದಿದೆ ಅಂತ ನೋಡದೆ ಬಲ ಹಾಕಿದ್ದರಿಂದ.

ಒಳಗಿನದನ್ನು ಬೇಗ ಮುಗಿಸೋಣ. ಹಿಡಿಯನ್ನು ಕಂಬಿಗೆ ಹಿಡಿದಿಟ್ಟಿರುವ ಚಿಕ್ಕ ತಿರುಪು ಒಂದಿರುತ್ತದೆ, ಅದಕ್ಕೆ ಆಲನ್ ಕೀ (ಆರು ಮೂಲೆಯ, ಬಾಗಿದ ಕಡ್ಡಿಯಂಥ ಕೀಲಿ) ಬೇಕು. ಅದನ್ನು ಸಡಿಲಿಸಿ ಹಿಡಿಯನ್ನು ಕೆಳಗೆ ಎಳೆದು ತೆಗೆಯಿರಿ. ಹಿಡಿ ಸುಮ್ನೆ ತಿರುಗುತ್ತಾ ಆಂಟೆನಾ ಅಲುಗಾಡದೇ ಇದ್ದಿದ್ದರೆ ಈ ತಿರುಪೇ ಸಡಿಲವಾಗಿದೆ, ಇಲ್ಲವೇ ಹಿಡಿಯ ತೂತು ಸವೆದಿದೆ ಅನ್ನಬಹುದಿತ್ತು. ನಿಮ್ಮದು ಹಾಗಲ್ಲ, ಗಟ್ಟಿಯಾಗುತ್ತದೆ ಅಂತೀರಿ. ಆದರೂ ಒಮ್ಮೆ ತೆಗೆದು ನೋಡಿ. ಕಂಬಿಯ ತುದಿ ಮತ್ತು ಹಿಡಿಯ ತೂತಿನ ಅಂಚು ಚೂಪಾಗಿಯೇ ಇದ್ದರೆ ಅಲ್ಲೇನೂ ತೊಂದರೆಯಿಲ್ಲ. ಜೊತೆಗೆ ಛಾವಣಿಯ ಒಳಗಿನ ಫಲಕ ನೋಡಿ. ಆಂಟೆನಾವನ್ನು ಸುತ್ತ ತಿರುಗಿಸಲು ಬೇರೆ ಹಿಡಿ ಇರುತ್ತದಲ್ವಾ, ಕೆಳಗೆ ಎಳೆದು ತಿರುಗಿಸುವಂಥದ್ದು, ಅದರ ಮೇಲಿನ ಬಾಣದ ಗುರುತು ಫಲಕದ ಗುರುತಿಗೆ ನೇರ ಬಂದಿದೆಯಾ? ಬಂದಿಲ್ಲದಿದ್ದರೆ ಆಂಟೆನಾ ತನ್ನ ಮಲಗುವ ಜಾಗದ ಕಡೆ ಮುಖ ಮಾಡಿಲ್ಲ ಅಂತ ಅರ್ಥ. ಇಳಿಸುವಾಗ ಅದು ಏಸಿಯ ಮೇಲೋ, ಗಾಳಿಕಿಂಡಿಯ ಮುಚ್ಚಳದ ಮೇಲೋ ಕೂತು ಅಲ್ಲೇ ನಿಂತುಬಿಡುತ್ತದೆ. ನೋಡಿದವರಿಗೆ ಗಿಯರು ಹಿಡಿದ ಹಾಗೇ ಕಾಣುತ್ತದೆ.

ಇನ್ನು ಮೇಲೆ ಹತ್ತುವುದು. ಇದಕ್ಕೆ ಮುಂಚೆ ತಲೆಯೆತ್ತಿ ನೋಡಿ, ಕರೆಂಟ್ ತಂತಿ ಹತ್ತಿರದಲ್ಲಿದ್ದರೆ ಕೆಲಸವೇ ಶುರು ಮಾಡಬೇಡಿ, ಈ ಕೆಲಸದಲ್ಲಿ ಜೀವಕ್ಕೆ ಅಪಾಯ ಇರುವುದು ಅಲ್ಲಿಂದ ಮತ್ತು ಜಾರಿ ಬೀಳುವುದರಿಂದ. ಛಾವಣಿ ಒದ್ದೆ ಇದ್ದರೆ ಒಣಗುವವರೆಗೆ ಕಾಯಿರಿ. ರಬ್ಬರ್ ಛಾವಣಿ ಒದ್ದೆಯಾದರೆ ಸೋಪು ಸವರಿದ ಹಾಗೆ ಜಾರುತ್ತದೆ. ಒಂದು ಪ್ಲೈವುಡ್ ತುಂಡು ಹಾಕಿ ಅದರ ಮೇಲೆ ಮಂಡಿಯೂರಿ ಕೂರಿ, ಭಾರ ಹಂಚಿಹೋಗುತ್ತದೆ. ಒಳಗೆ ಇನ್ನೊಬ್ಬರು ಇರಲಿ, ಇದು ಒಬ್ಬರೇ ಮಾಡುವ ಕೆಲಸ ಅಲ್ಲ. ಟಿವಿ ಹಿಂದಿನ ಗೋಡೆಯ ಪ್ಲೇಟಿನಲ್ಲಿ ಚಿಕ್ಕ ದೀಪ ಇರುವ ಸ್ವಿಚ್ ಇದ್ದರೆ ಅದನ್ನು ಆರಿಸಿ. ಆಂಟೆನಾ ತಲೆಯೊಳಗಿನ ಆಂಪ್ಲಿಫೈಯರಿಗೆ ಅದೇ ಕೇಬಲ್ಲಿನಲ್ಲಿ 12 ವೋಲ್ಟ್ ಹೋಗುತ್ತಿರುತ್ತದೆ. ಸ್ವಿಚ್ ಆರಿಸದೆ ಕೇಬಲ್ ಬಿಚ್ಚಿ ಅದರ ತುದಿ ಲೋಹಕ್ಕೆ ತಗುಲಿದರೆ ಫ್ಯೂಸ್ ಹೋಗುತ್ತದೆ, ಆಮೇಲೆ ಆಂಟೆನಾ ಎದ್ದರೂ ಚಿತ್ರ ಬರುವುದಿಲ್ಲ.

ಮೇಲೆ ಕೂತ ಮೇಲೆ ಏನನ್ನೂ ಮುಟ್ಟದೆ ಒಂದಷ್ಟು ಹೊತ್ತು ನೋಡಿ. ಮೊದಲು ಕೇಬಲ್. ಅದು ತೋಳಿನ ಉದ್ದಕ್ಕೂ ಕ್ಲಿಪ್ಪಿನಲ್ಲಿ ಬಂದು ಬುಡದ ಹತ್ತಿರ ಒಂದು ಸಡಿಲ ಸುತ್ತು ಹಾಕಿಕೊಂಡು ಛಾವಣಿಯೊಳಗೆ ಇಳಿಯುತ್ತದೆ. ಬಿಸಿಲಿಗೆ ಕ್ಲಿಪ್ ಮುರಿದಿದ್ದರೆ ಆ ಸುತ್ತು ಜಾರಿ ನೇರವಾಗಿ ಗಿಯರಿನ ಬಾಯಿಗೆ ಬೀಳುತ್ತದೆ. ಅರ್ಧಕ್ಕೆ ನಿಂತಿದೆ, ಎರಡೂ ಕಡೆ ಸ್ವಲ್ಪ ತಿರುಗಿ ಗಟ್ಟಿಯಾಗುತ್ತದೆ ಅಂತ ಯಾರಾದರೂ ಹೇಳಿದರೆ ನನಗೆ ಮೊದಲು ಅನುಮಾನ ಬರುವುದು ಇದರ ಮೇಲೇ. ಕೇಬಲ್ಲಿನ ಕಪ್ಪು ಸಿಪ್ಪೆ ಹಲ್ಲಿಗೆ ಸಿಕ್ಕಿ ಜಜ್ಜಿಹೋಗಿರುತ್ತದೆ, ಕೆಲವೊಮ್ಮೆ ಒಳಗಿನ ಹೊಳೆಯುವ ಜಾಲರಿ ಕಾಣುತ್ತದೆ. ಎಳೆಯಬೇಡಿ. ಒಳಗಿನವರಿಗೆ ಹೇಳಿ ಹಿಡಿಯನ್ನು ಸಲೀಸಾಗಿ ತಿರುಗುವ ಕಡೆಗೆ ಕಾಲು ಸುತ್ತು ತಿರುಗಿಸಿ, ನೀವು ಮೇಲಿಂದ ಕೇಬಲ್ಲನ್ನು ಮೆಲ್ಲಗೆ ಬಿಡಿಸಿಕೊಳ್ಳಿ. ಸಿಪ್ಪೆ ಹರಿದಿದ್ದರೆ ಆ ಕೇಬಲ್ಲನ್ನು ಬದಲಿಸಲೇಬೇಕು, ಟೇಪ್ ಸುತ್ತಿದರೆ ನೀರು ಒಳಗಿಳಿದು ಚಿತ್ರ ಕೆಡುತ್ತದೆ.

ಕೇಬಲ್ ಸರಿ ಇದ್ದರೆ ಪಕ್ಕಕ್ಕೆ ಬಂದು ಎರಡು ಕೊಳವೆಗಳನ್ನು ನೋಡಿ. ಉದ್ದಕ್ಕೂ ಅವುಗಳ ನಡುವಿನ ಅಂತರ ಒಂದೇ ಸಮ ಇರಬೇಕು. ಎಲ್ಲಾದರೂ ಕಿರಿದಾಗಿದ್ದರೆ, ಅಥವಾ ಮೇಲಿಂದ ನೋಡಿದಾಗ ಒಂದು ಕೊಳವೆ ಬಿಲ್ಲಿನ ಹಾಗೆ ಬಾಗಿದ್ದರೆ, ಮರದ ಕೊಂಬೆಗೋ ಜೋರು ಗಾಳಿಗೋ ಸಿಕ್ಕಿದೆ ಅಂತಲೇ ಅರ್ಥ. ಬಾಗಿದ ಕೊಳವೆ ಒಂದು ಎತ್ತರದವರೆಗೆ ಸರಿಯಾಗಿ ಬಂದು ಅಲ್ಲಿ ಇನ್ನೊಂದಕ್ಕೆ ಉಜ್ಜಿ ನಿಂತುಬಿಡುತ್ತದೆ. ಇದನ್ನು ನೆಟ್ಟಗೆ ಮಾಡಲು ಹೋಗಬೇಡಿ. ಅಲ್ಯೂಮಿನಿಯಂ ಕೊಳವೆ ಒಮ್ಮೆ ಬಾಗಿದರೆ ಆ ಜಾಗ ಬಡವಾಗಿರುತ್ತದೆ, ತಿರುಗಿ ನೆಟ್ಟಗೆ ಮಾಡಿದರೆ ಮತ್ತೆ ಅಲ್ಲೇ ಮಡಚುತ್ತದೆ. ಕೊಳವೆಯನ್ನೇ ಬದಲಿಸಿ.

ಆಮೇಲೆ ಕೀಲುಗಳು. ಪ್ರತಿ ಕೊಳವೆಯ ಎರಡು ತುದಿಯಲ್ಲೂ ಒಂದೊಂದು ಪಿನ್ನು, ಅದು ಜಾರದ ಹಾಗೆ ಚಿಕ್ಕ ಕ್ಲಿಪ್. ಸುತ್ತ ಬಿಳಿ ಪುಡಿ ಕಟ್ಟಿದ್ದರೆ ಅದು ಅಲ್ಯೂಮಿನಿಯಂ ಕೊರೆದುಹೋಗಿ ಬಂದದ್ದು. ಉಕ್ಕಿನ ಪಿನ್ನೂ ಅಲ್ಯೂಮಿನಿಯಮ್ಮೂ ಒಟ್ಟಿಗೆ ನೆನೆದರೆ ಹೀಗಾಗುತ್ತದೆ. ಈ ಪುಡಿ ಲೋಹಕ್ಕಿಂತ ಜಾಸ್ತಿ ಜಾಗ ತಿನ್ನುತ್ತದೆ, ಹಾಗಾಗಿ ಪಿನ್ನು ತೂತಿನಲ್ಲಿ ಬಿಗಿದು ಕೂರುತ್ತದೆ. ಬಹಳ ದಿನ ಬಳಸದ ಆಂಟೆನಾಕ್ಕೆ ಇದು ಸಾಮಾನ್ಯ ಕಾಯಿಲೆ, ಕೇಬಲ್ಲಿನ ಮೇಲೆ ಅನುಮಾನ ಇಲ್ಲವಾದರೆ ನಿಮ್ಮದೂ ಇದೇ ಇರಬಹುದು.

ಕೊನೆಗೆ ಗಿಯರು. ಬುಡದಲ್ಲಿ ಹಲ್ಲುಗಳು ತೆರೆದೇ ಕಾಣುತ್ತವೆ. ಧೂಳು ಸೇರಿದ ಹಳೆಯ ಗ್ರೀಸ್ ಒಣಗಿ ಕಪ್ಪು ಅಂಟಾಗಿ, ಹಲ್ಲಿನ ಸಂದಿಯಲ್ಲೆಲ್ಲಾ ಗಟ್ಟಿ ಕೂತಿರುತ್ತದೆ. ಒಂದು ಒಣ ಹಲ್ಲುಜ್ಜುವ ಬ್ರಶ್ಶು ಮತ್ತು ಮರದ ಕಡ್ಡಿ ತಗೊಂಡು ಒಂದೊಂದೇ ಸಂದಿಯಿಂದ ಅದನ್ನು ಕೆದಕಿ ತೆಗೆಯಿರಿ. ಸ್ಕ್ರೂಡ್ರೈವರಿನಿಂದ ಕೆರೆಯಬೇಡಿ, ಹಲ್ಲು ಗೀರುತ್ತದೆ. ಕೆದಕುವಾಗಲೇ ಒಂದೊಂದು ಹಲ್ಲನ್ನೂ ಗಮನಿಸಿ: ತುದಿ ಚೂಪಾಗಿ ತೆಳ್ಳಗಾಗಿದೆಯಾ, ಯಾವುದಾದರೂ ಮುರಿದಿದೆಯಾ, ಸಂದಿಯಲ್ಲಿ ಲೋಹದ ಚೂರು ಇದೆಯಾ. ಇಡೀ ಕೆಲಸದಲ್ಲಿ ನಿಧಾನ ಮಾಡಬೇಕಾದ ಜಾಗ ಇದೊಂದೇ. ಒಂದೇ ಒಂದು ಚೂರು ವರ್ಮ್ ಮತ್ತು ಗಿಯರಿನ ನಡುವೆ ಸಿಕ್ಕಿದ್ದರೂ ನೀವು ಹೇಳಿದ ಲಕ್ಷಣವೇ ಬರುತ್ತದೆ, ಎರಡೂ ಕಡೆ ಸ್ವಲ್ಪ ತಿರುಗಿ ಟಕ್ ಅಂತ ನಿಲ್ಲುತ್ತದೆ. ಚೂರನ್ನು ಚಿಮಟದಲ್ಲಿ ತೆಗೆದರೆ ಬಿಟ್ಟುಕೊಳ್ಳುತ್ತದೆ, ಆದರೆ ಆ ಚೂರು ಎಲ್ಲಿಂದ ಬಂತು ಅಂತ ಹುಡುಕಿ. ಹಲ್ಲಿನದ್ದಾದರೆ ಗಿಯರು ಬದಲಿಸಬೇಕು.

ಈಗ ಎಣ್ಣೆ ವಿಷಯ, ಇದರಲ್ಲಿ ಜನ ತುಂಬಾ ತಪ್ಪುತ್ತಾರೆ. ಕೈಗೆ ಸಿಕ್ಕ ಸ್ಪ್ರೇ ತಗೊಂಡು ಸುತ್ತ ಹೊಡೆದುಬಿಡುತ್ತಾರೆ. ನಿಮ್ಮ ಛಾವಣಿ ಇಪಿಡಿಎಂ ಅನ್ನುವ ರಬ್ಬರಿನದಾದರೆ ಪೆಟ್ರೋಲಿಯಂ ಆಧಾರದ ಎಣ್ಣೆ, ಗ್ರೀಸು, ಥಿನ್ನರ್ ಯಾವುದು ಬಿದ್ದರೂ ರಬ್ಬರು ಉಬ್ಬಿ ಮೆತ್ತಗಾಗುತ್ತದೆ. ಆಂಟೆನಾ ಸರಿಮಾಡಲು ಹೋಗಿ ಛಾವಣಿ ಸೋರುವಂತಾಗುತ್ತದೆ. ಕಚ್ಚಿಕೊಂಡ ಪಿನ್ನಿಗೆ ತುಕ್ಕು ಬಿಡಿಸುವ ಎಣ್ಣೆ ಬೇಕೇ ಬೇಕು ಅಂದರೆ ಕೆಳಗೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ದಪ್ಪ ಬಟ್ಟೆ ಹಾಸಿ, ಸ್ಪ್ರೇ ಹೊಡೆಯದೆ ಹನಿ ಹನಿಯಾಗಿ ಬಿಡಿ. ಒಂದು ರಾತ್ರಿ ಬಿಟ್ಟು ಮರುದಿನ ಒರೆಸಿ. ಡಬ್ಲ್ಯೂಡಿ-40 ಕೂಡ ಇದೇ ಸಾಲಿಗೆ ಸೇರಿದ್ದು, ನೀರನ್ನು ಓಡಿಸಲು, ಅಂಟನ್ನು ಸಡಿಲಿಸಲು ಒಳ್ಳೆಯದು, ಆದರೆ ಗಿಯರಿಗೆ ಬಹಳ ದಿನ ಉಳಿಯುವ ಜಿಡ್ಡು ಅದರಿಂದ ಸಿಗುವುದಿಲ್ಲ. ಗಿಯರಿಗೆ ಕೊನೆಯಲ್ಲಿ ಹಾಕಬೇಕಾದ್ದು ಸಿಲಿಕೋನ್ ಸ್ಪ್ರೇ. ಅದು ಧೂಳನ್ನು ಅಷ್ಟಾಗಿ ಹಿಡಿಯುವುದಿಲ್ಲ, ರಬ್ಬರ್ ಸೀಲಿಗೂ ತೊಂದರೆ ಮಾಡುವುದಿಲ್ಲ. ಛಾವಣಿ ಮೇಲೆ ಚೆಲ್ಲಿದರೆ ಕಾಲು ಜಾರುತ್ತದೆ, ಅದನ್ನು ಮಾತ್ರ ತಕ್ಷಣ ಒರೆಸಿ. ಗ್ರೀಸ್ ಮತ್ತೆ ತುಂಬಬೇಡಿ, ಈಗ ಕೆದಕಿದ ಕಪ್ಪು ಅಂಟು ಅದರಿಂದಲೇ ಆದದ್ದು.

ಸ್ವಚ್ಛ ಮಾಡಿ ಎಣ್ಣೆ ನೆನೆದ ಮೇಲೆ ಬಿಡಿಸುವ ಕ್ರಮ ಹೀಗೆ. ಮೇಲಿರುವವರು ಆಂಟೆನಾ ತಲೆಯ ಹತ್ತಿರ ಎರಡೂ ಕೈಯಿಂದ ತೋಳಿನ ಭಾರವನ್ನು ಹೊತ್ತುಕೊಳ್ಳಬೇಕು, ಅಷ್ಟೇ, ಎತ್ತಲು ಪ್ರಯತ್ನಿಸಬಾರದು. ಭಾರ ಇಳಿದರೆ ಹಲ್ಲುಗಳ ಮೇಲಿನ ಒತ್ತಡ ಇಳಿಯುತ್ತದೆ. ಒಳಗಿರುವವರು ಹಿಡಿಯನ್ನು ಎರಡೇ ಬೆರಳಿನಲ್ಲಿ ಹಿಡಿದು ಒಂದು ಕಡೆ ಸ್ವಲ್ಪ, ಇನ್ನೊಂದು ಕಡೆ ಸ್ವಲ್ಪ ಆಡಿಸಬೇಕು. ಎರಡು ಬೆರಳು ಅಂದದ್ದಕ್ಕೆ ಕಾರಣ ಇದೆ, ಮುಷ್ಟಿ ಹಿಡಿದರೆ ಬಲ ಎಷ್ಟು ಬೀಳುತ್ತಿದೆ ಅಂತ ನಮಗೇ ಗೊತ್ತಾಗುವುದಿಲ್ಲ. ಪ್ರತಿ ಸಲ ಒಂದು ಕೂದಲೆಳೆಯಷ್ಟು ಜಾಸ್ತಿ ಹೋದರೂ ಸಾಕು, ಅದು ಬಿಡುತ್ತಿದೆ ಅಂತ ಅರ್ಥ. ಸ್ವಲ್ಪ ಸಿಲಿಕೋನ್, ಮತ್ತೆ ಆಡಿಸುವುದು. ಹೀಗೆ ಬಿಟ್ಟ ಮೇಲೆ ಒಮ್ಮೆಗೇ ಪೂರ್ತಿ ಎತ್ತಲು ಹೋಗಬೇಡಿ, ಮೊದಲು ಪೂರ್ತಿ ಇಳಿಸಿ. ಕೆಳಗೆ ಕೂತ ಮೇಲೆ ಗಿಯರಿಗೆ ಧಾರಾಳವಾಗಿ ಸಿಲಿಕೋನ್ ಹೊಡೆದು, ಆಮೇಲೆ ಕೆಲವು ಸಲ ಎತ್ತಿ ಇಳಿಸಿ. ಜಿಡ್ಡು ಎಲ್ಲಾ ಹಲ್ಲಿಗೂ ಹರಡುತ್ತದೆ.

ಸುತ್ತ ತಿರುಗುವುದೂ ಬಿಗಿಯಾಗಿದ್ದರೆ ಅದು ಬೇರೆ ಜಾಗ. ಗಿಯರು ಕೂತಿರುವ ಡಬ್ಬಿಗೂ ಅದರ ಕೆಳಗಿನ ತಳಫಲಕಕ್ಕೂ ನಡುವೆ ಉಜ್ಜುವ ಮೈ ಇದೆ. ಆಂಟೆನಾ ಎತ್ತಿ, ಡಬ್ಬಿಯ ಪಕ್ಕದ ಚಿಕ್ಕ ತಿರುಪು ತೆಗೆದು ಆ ತೂತಿನೊಳಗೂ ಸುತ್ತಲಿನ ಅಂಚಿಗೂ ಸ್ಪ್ರೇ ಮಾಡಿ, ಸರಾಗ ಆಗುವವರೆಗೆ ಒಳಗಿನಿಂದ ತಿರುಗಿಸಿ. ತಿರುಪು ಮತ್ತೆ ಹಾಕಲು ಮರೆಯಬೇಡಿ. ಅಲ್ಲೇ ಒಳಗೆ ಒಂದು ರಬ್ಬರ್ ಉಂಗುರ ಇರುತ್ತದೆ, ಮಳೆನೀರು ಕಂಬಿಯ ಪಕ್ಕದಿಂದ ಒಳಗಿಳಿಯದ ಹಾಗೆ ತಡೆಯುವುದು ಅದೇ. ಒಳಗಿನ ಫಲಕದ ಸುತ್ತ ಹಳದಿ ಕಲೆ ಇದ್ದರೆ ಅದು ಒಣಗಿ ಬಿರಿದಿದೆ ಅಂತ ಲೆಕ್ಕ. ಹೇಗೂ ಬಿಚ್ಚಿದ್ದೀರಿ ಅಂದರೆ ಅದನ್ನೂ ಬದಲಿಸಿಬಿಡಿ, ಸೋರಿಕೆ ಬಿಟ್ಟರೆ ಛಾವಣಿಯೊಳಗಿನ ಮರ ಕೊಳೆಯುತ್ತದೆ, ಆ ಖರ್ಚಿನ ಮುಂದೆ ಆಂಟೆನಾ ಏನೂ ಅಲ್ಲ.

ಇಷ್ಟೆಲ್ಲಾ ಮಾಡಿಯೂ ಬಿಡಲಿಲ್ಲ, ಗಾಡಿ ಹೊರಡಿಸಲೇಬೇಕು ಅಂದರೆ ಒಂದು ದಾರಿ ಇದೆ. ಆಂಟೆನಾ ತಲೆಯನ್ನು ಒಬ್ಬರು ಹಿಡಿದಿರಲಿ, ಇನ್ನೊಬ್ಬರು ಕೊಳವೆಗಳ ಬುಡದ ಪಿನ್ನುಗಳ ಕ್ಲಿಪ್ ತೆಗೆದು ಪಿನ್ನು ಹೊರಗೆ ತಟ್ಟಿ. ಗಿಯರಿನಿಂದ ಬಿಡುಗಡೆಯಾದ ತೋಳನ್ನು ಕೈಯಲ್ಲೇ ಮೆಲ್ಲಗೆ ಮಲಗಿಸಬಹುದು. ಪಿನ್ನು ತೆಗೆದ ಕ್ಷಣ ಪೂರ್ತಿ ಭಾರ ಹಿಡಿದವರ ಕೈಗೆ ಬರುತ್ತದೆ, ಮೊದಲೇ ಎಚ್ಚರಿಸಿ, ಬೆರಳು ಕೊಳವೆಗಳ ನಡುವೆ ಇರದಿರಲಿ. ಮಲಗಿಸಿದ ಮೇಲೆ ಗಾಳಿಗೆ ಏಳದ ಹಾಗೆ ಎರಡು ಕಡೆ ಹಗ್ಗದಿಂದ ಬಿಗಿದು ಕಟ್ಟಿ, ಕೇಬಲ್ಲಿಗೂ ಒಂದು ಕಟ್ಟು ಹಾಕಿ. ಒಳಗಿನ ಹಿಡಿಯನ್ನು ತೆಗೆದು ಡ್ರಾಯರಿನಲ್ಲಿಡಿ, ಯಾರೂ ಸುಮ್ನೆ ತಿರುಗಿಸದಿರಲಿ. ಅರ್ಧ ಎದ್ದ ಆಂಟೆನಾ ಇಟ್ಟುಕೊಂಡು ನಿಧಾನವಾಗಿ ಓಡಿಸಿದರೆ ಆಯ್ತು ಅಂತ ಮಾತ್ರ ಅಂದುಕೊಳ್ಳಬೇಡಿ. ತಗ್ಗಿನ ಸೇತುವೆ, ಮರದ ಕೊಂಬೆ, ತಂತಿ, ಇವು ಯಾವುದಕ್ಕೂ ನೀವು ನಿಧಾನ ಹೋಗುತ್ತಿದ್ದೀರೋ ಬೇಗ ಹೋಗುತ್ತಿದ್ದೀರೋ ಅನ್ನುವುದು ಮುಖ್ಯ ಅಲ್ಲ. ತೋಳು ಮುರಿದರೆ ಹೋಗಲಿ ಅನ್ನಬಹುದು, ಅದು ತಳಫಲಕವನ್ನೇ ಕಿತ್ತುಕೊಂಡು ಹೋದರೆ ಛಾವಣಿಯಲ್ಲಿ ತೂತು ಬೀಳುತ್ತದೆ.

ರಿಪೇರಿಯೋ ಹೊಸದೋ ಅನ್ನುವುದಕ್ಕೆ ನನ್ನ ಲೆಕ್ಕ ಸರಳ. ಹಿಡಿ, ತಿರುಪು, ಪಿನ್ನು, ರಬ್ಬರ್ ಉಂಗುರ, ಕೇಬಲ್, ಇವು ಹೋಗಿದ್ದರೆ ರಿಪೇರಿ ಮಾಡಿ. ಗಿಯರು ಮತ್ತು ವರ್ಮ್ ಹೋಗಿದ್ದರೆ ಎರಡನ್ನೂ ಜೊತೆಯಾಗಿ ಬದಲಿಸಿ, ಹೊಸ ಗಿಯರನ್ನು ಸವೆದ ವರ್ಮ್ ಬೇಗ ತಿಂದುಹಾಕುತ್ತದೆ. ಗಿಯರಿನ ಡಬ್ಬಿಯೇ ಬಿರುಕು ಬಿಟ್ಟಿದ್ದರೆ ಇಡೀ ಎತ್ತುವ ಭಾಗವನ್ನು ಬದಲಿಸುವುದು ಒಳ್ಳೆಯದು. ತರುವ ಮೊದಲು ಛಾವಣಿಯ ದಪ್ಪ ಅಳೆಯಿರಿ, ಕಂಬಿಯ ಉದ್ದ ಅದಕ್ಕೆ ಹೊಂದಬೇಕು. ಹೊಸದನ್ನು ಕೂರಿಸುವಾಗ ತಳಫಲಕದ ಕೆಳಗೆ ಬ್ಯುಟೈಲ್ ಟೇಪ್ (ನೀರು ಒಳಗಿಳಿಯದ ಹಾಗೆ ತಡೆಯುವ ಮೆತ್ತನೆ ಅಂಟು ಪಟ್ಟಿ), ಮೇಲೆ ಪ್ರತಿ ತಿರುಪಿನ ತಲೆಗೂ ಅಂಚಿಗೂ ಛಾವಣಿಗೆಂದೇ ಬರುವ, ತಾನೇ ಹರಡಿಕೊಳ್ಳುವ ಸೀಲೆಂಟ್. ಬಚ್ಚಲಿಗೆ ಹಾಕುವ ಸಿಲಿಕೋನ್ ಸೀಲೆಂಟ್ ಇಪಿಡಿಎಂ ರಬ್ಬರಿಗೆ ಸರಿಯಾಗಿ ಅಂಟುವುದಿಲ್ಲ, ಅದು ಬೇಡ. ಎತ್ತುವ ಗೋಜೇ ಬೇಡ ಅನ್ನುವವರಿಗೆ ಎತ್ತದೆಯೇ ಕೆಲಸ ಮಾಡುವ ಗುಮ್ಮಟದಾಕಾರದವೂ ಸಿಗುತ್ತವೆ. ಪಟ್ಟಣದ ಹತ್ತಿರ ಅವು ಚೆನ್ನಾಗಿಯೇ ಹಿಡಿಯುತ್ತವೆ. ಟಿವಿ ಟವರಿನಿಂದ ದೂರದಲ್ಲಿ ತಂಗುವವರಾದರೆ ಎತ್ತರವೂ, ಒಂದೇ ದಿಕ್ಕಿಗೆ ಗುರಿ ಇಡುವುದೂ ಎರಡೂ ಬೇಕು, ಹಾಗಾಗಿ ನಾನು ಈ ಹಳೆಯ ಬಗೆಯದನ್ನೇ ಉಳಿಸಿಕೊಳ್ಳಿ ಅನ್ನುತ್ತೇನೆ.

ಮುಂದೆ ಬಳಸುವಾಗ ಒಂದು ವಿಷಯ. ಇಳಿಸುವಾಗ ಆಂಟೆನಾ ತನ್ನ ಆಸರೆ ಮೇಲೆ ಕೂತು ಹಿಡಿ ಬಿಗಿಯಾದ ಕೂಡಲೇ ನಿಲ್ಲಿಸಿ. ಗಟ್ಟಿಯಾಗಿ ಇರಲಿ ಅಂತ ಇನ್ನೊಂದು ಅರ್ಧ ಸುತ್ತು ಹಾಕುವ ಅಭ್ಯಾಸ ಬಹಳ ಜನರಿಗಿದೆ, ಅದರಿಂದ ಹಲ್ಲುಗಳು ಒಂದಕ್ಕೊಂದು ಬೆಣೆ ಹೊಡೆದ ಹಾಗೆ ಕೂತು ಮುಂದಿನ ಸಲ ಏಳುವುದೇ ಇಲ್ಲ. ಎತ್ತುವಾಗಲೂ ಅಷ್ಟೇ. ತಿಂಗಳಿಗೊಮ್ಮೆ ಟಿವಿ ನೋಡದಿದ್ದರೂ ಎತ್ತಿ ಇಳಿಸಿ. ಎತ್ತಿದಾಗಲೆಲ್ಲಾ ‘ಆಂಟೆನಾ ಮೇಲಿದೆ’ ಅಂತ ಬರೆದ ಚೀಟಿಯನ್ನು ಸ್ಟೀರಿಂಗಿಗೆ ನೇತುಹಾಕಿ, ಇಳಿಸಿದ ಮೇಲೆ ಅದನ್ನು ಹಿಡಿಗೇ ಸಿಕ್ಕಿಸಿಡಿ.

ನೀವು ಮೇಲೆ ಹತ್ತಿದಾಗ ಬುಡದ ಗಿಯರಿನದ್ದು ಹತ್ತಿರದಿಂದ ಒಂದು, ಪಕ್ಕದಿಂದ ಎರಡೂ ಕೊಳವೆ ಕಾಣುವ ಹಾಗೆ ಒಂದು ಫೋಟೋ ತೆಗೆದು ಕಳಿಸಿ. ಹಿಡಿ ಯಾವ ಕಡೆ ಎಷ್ಟು ತಿರುಗಿ ನಿಲ್ಲುತ್ತದೆ, ನಿಲ್ಲುವಾಗ ಟಕ್ ಅನ್ನುತ್ತದೋ ಅಥವಾ ಮೆತ್ತಗೆ ಬಿಗಿಯಾಗುತ್ತದೋ, ಅದನ್ನೂ ಬರೆಯಿರಿ. ಟಕ್ ಅಂದರೆ ಹಲ್ಲಿನಲ್ಲಿ ಚೂರಿರುವುದೇ ಹೆಚ್ಚು, ಮೆತ್ತಗೆ ಬಿಗಿದರೆ ಕೇಬಲ್ಲೋ ಪಿನ್ನೋ. ಯಾವ ಭಾಗ ತರಿಸಬೇಕು ಅನ್ನುವುದನ್ನು ಅದನ್ನು ನೋಡಿಯೇ ಹೇಳುತ್ತೇನೆ, ಅಲ್ಲಿಯವರೆಗೆ ದುಡ್ಡು ಕೊಟ್ಟು ಏನನ್ನೂ ತರಬೇಡಿ.